ನೆಲದೊಳಗಿನ ಇಳಿಜಾರು

ಲಂಡನ್ನಿನಲ್ಲಿ 1927ರಿಂದ 2003ರವರೆಗೆ ಚಾಲಕನಿಲ್ಲದ ಪುಟ್ಟ ವಿದ್ಯುತ್ ರೈಲು ನೆಲದಡಿಯ ಸುರಂಗದಲ್ಲಿ ಅಂಚೆಯನ್ನು ಸಾಗಿಸುತ್ತಿತ್ತು. ನೆಲದೊಳಗಿನ ಸಾಗಾಟವೆಂದರೆ ನಿರ್ಣಾದವನಾದ ನನಗೆ ಮಾತ್ರ ಮೊದಲು ಹೊಳೆಯುವುದು ನಮ್ಮ ಬೀದರಿನ ಕರೇಜ್. ಹದಿನೈದನೆಯ ಶತಮಾನದಲ್ಲಿ, ಬಹಮನಿ ಅರಸರ ಕಾಲದಲ್ಲಿ, ಪರ್ಷಿಯದ ವಿದ್ಯೆಯಂತೆ ನೌಬಾದಿನ ಜಂಬಿಟ್ಟಿಗೆಯ ನೆಲವನ್ನು ಕೊರೆದು ಮಾಡಿದ ಕಾಲುವೆಯದು. ಅಲ್ಲಲ್ಲಿ ಬಾವಿಯಂಥ ಗಾಳಿಗಂಡಿಗಳು. ಉಳಿದುದೆಲ್ಲ ಇಳಿಜಾರಿನ ಕೆಲಸ.

ಆ ಇಳಿಜಾರನ್ನೇ ಸರಕಿಗೆ ಹೂಡಿದ್ದು ಕುದುರೆಮುಖದಲ್ಲಿ. ವಿಚಿತ್ರವೆಂದರೆ, ಅಲ್ಲಿಯೂ ಇರಾನಿನ ನಂಟು! 1975ರ ಒಪ್ಪಂದದಂತೆ ಹಣ ಶಾಹನ ಸರ್ಕಾರದ್ದು, ಅದಿರು ಅವರ ಉಕ್ಕಿನ ಕಾರ್ಖಾನೆಗಳಿಗೆ. ಅದಿರನ್ನು ಹಿಟ್ಟಿನಂತೆ ಅರೆದು, ನೀರಿನಲ್ಲಿ ಕದಡಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಮುಟ್ಟಿಸುವ ಏರ್ಪಾಡು. ಅಲ್ಲಿ ನೀರನ್ನು ಸೋಸಿ ತೆಗೆದು ಹಡಗಿಗೆ ತುಂಬಬೇಕು. 1979ರ ಕ್ರಾಂತಿಯಲ್ಲಿ ಶಾಹನ ಆಳ್ವಿಕೆ ಮುಗಿಯಿತು, ಕೊಳ್ಳುವವರೂ ಇಲ್ಲವಾದರು. ಕೊಳವೆಯನ್ನು ಹೂತಾಗಿತ್ತು, ಬೇರೆ ಗಿರಾಕಿಗಳನ್ನು ಅರಸಬೇಕಾಯಿತು.

ಘಟ್ಟದ ದಾರಿಯಲ್ಲಿ ಲಾರಿಗಳ ಸಾಲಿಲ್ಲದೆ ಅದಿರು ಕಡಲಂಚಿಗೆ ಇಳಿದದ್ದು ಸಣ್ಣ ಸಾಧನೆಯೇನಲ್ಲ. ಆದರೆ ಆ ಜಾಣ್ಮೆಯನ್ನಷ್ಟೇ ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಕೊಳವೆ ಕಣ್ಣಿಗೆ ಮರೆಯಾಗಿತ್ತು, ಅದರ ಮೇಲ್ತುದಿಯಲ್ಲಿ ಕರಗುತ್ತಿದ್ದ ಗುಡ್ಡ ಮರೆಯಾಗಿರಲಿಲ್ಲ. ಅದಿರು ತೆಗೆದುಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ಹರವಾಗಿ ತುಂಬುತ್ತ ಬಂತು. ಸುತ್ತ ಶೋಲಾ ಕಾಡು, ಕೆಳಗೆ ಭದ್ರೆಯ ಪಾತ್ರ. ಕಾಡಿನ ಪರವಾಗಿ ನಿಂತವರು ನ್ಯಾಯಾಲಯದ ಮೆಟ್ಟಿಲೇರಿದರು. ಸುಪ್ರೀಂ ಕೋರ್ಟು 2002ರಲ್ಲಿ ಗಡುವು ವಿಧಿಸಿತು. 2005ರ ಕೊನೆಯ ದಿನದೊಂದಿಗೆ ಗಣಿಗಾರಿಕೆ ನಿಂತಿತು, ಕೊಳವೆಗೆ ಹರಿಸಲು ಅದಿರು ಉಳಿಯಲಿಲ್ಲ.