ಎರಡು ಭಾಷೆಯ ಶಾಲೆ, ಮೂರನೆಯ ಭಾಷೆಯ ಮಕ್ಕಳು

ಪುಣೆಯಾಗಲಿ, ಹೈದರಾಬಾದಾಗಲಿ, ಹೊಸ ಬಡಾವಣೆ ಎದ್ದಲ್ಲೆಲ್ಲ ಈಗ ಒಂದು ‘ಇಂಟರ್‌ನ್ಯಾಷನಲ್ ಸ್ಕೂಲ್’ ಬೋರ್ಡ್ ಕಾಣುತ್ತದೆ. ಎಷ್ಟೋ ಕಡೆ ಒಳಗೆ ಹೋಗಿ ನೋಡಿದರೆ ಅಂತರರಾಷ್ಟ್ರೀಯ ಎನ್ನಬಹುದಾದದ್ದು ಎ.ಸಿ. ಬಸ್ಸು ಮತ್ತು ಈಜುಕೊಳ ಮಾತ್ರ. ಆದರೆ ಈ ಹೆಸರಿಗೊಂದು ಮೂಲವಿದೆ, ನೂರು ವರ್ಷ ದಾಟಿದ ಇತಿಹಾಸವಿದೆ. ಆ ಇತಿಹಾಸದಲ್ಲಿ ಮನೆಬಿಟ್ಟು ದೂರದೂರಿಗೆ ಬಂದ ಕುಟುಂಬಗಳ ಕಥೆಯೂ ಇದೆ. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮಂಥ ತಾಯಂದಿರಿಗೆ ಅದು ಪರಕೀಯವೆನಿಸುವುದಿಲ್ಲ.

ಕಥೆ ಶುರುವಾಗುವುದು ಸ್ವಿಟ್ಜರ್‌ಲ್ಯಾಂಡಿನ ಜಿನೀವಾದಲ್ಲಿ. ಮೊದಲ ಮಹಾಯುದ್ಧ ಮುಗಿದು, ಇನ್ನು ಯುದ್ಧವೇ ಬೇಡವೆಂದು ರಾಷ್ಟ್ರಸಂಘ ಹುಟ್ಟಿತು. 1920ರಲ್ಲಿ ಅದರ ಕಚೇರಿ ಜಿನೀವಾಕ್ಕೆ ಬಂತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಅದೇ ಊರಿನಲ್ಲಿ ನೆಲೆಯೂರಿತು. ಹತ್ತಾರು ದೇಶಗಳ ಅಧಿಕಾರಿಗಳು ಹೆಂಡತಿ ಮಕ್ಕಳೊಡನೆ ಬಂದಿಳಿದರು. ಊರಿನ ಶಾಲೆಗಳೆಲ್ಲ ಫ್ರೆಂಚ್ ಮಾಧ್ಯಮದವು. ಮಗು ಇಲ್ಲಿ ಎಷ್ಟು ವರ್ಷ ಓದುತ್ತದೆ, ಮುಂದೆ ತಾಯ್ನಾಡಿಗೆ ಹೋದರೆ ಅಲ್ಲಿನ ಕಾಲೇಜು ಸೇರಿಸಿಕೊಳ್ಳುತ್ತದೆಯೇ, ಅಜ್ಜಿಯ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತದೆ? ವರ್ಗಾವಣೆಯ ನೌಕರಿ ಮಾಡಿದವರ ಮನೆಯ ಪ್ರಶ್ನೆಗಳು ಆಗಲೂ ಇವೇ.

1924ರ ಸೆಪ್ಟೆಂಬರ್ 17ರಂದು ಎಂಟು ಮಕ್ಕಳನ್ನಿಟ್ಟುಕೊಂಡು ಒಂದು ಶಾಲೆ ತೆರೆಯಿತು. ಕಟ್ಟಡವೆಂದರೆ ಅಡಾಲ್ಫ್ ಫೆರಿಯೆರ್ ಎಂಬ ಶಿಕ್ಷಣತಜ್ಞರ ಕುಟುಂಬದ ಜಾಗದಲ್ಲಿದ್ದ ಒಂದು ಮರದ ಮನೆ. ಪಾಲ್ ಮೈಹೋಫರ್ ಮೊದಲ ಮುಖ್ಯಸ್ಥರು. ರಾಷ್ಟ್ರಸಂಘದ ಮಾಹಿತಿ ವಿಭಾಗದಲ್ಲಿದ್ದ ಅಮೆರಿಕದ ಆರ್ಥರ್ ಸ್ವೀಟ್ಸರ್, ಆರೋಗ್ಯ ವಿಭಾಗ ನಡೆಸುತ್ತಿದ್ದ ಪೋಲೆಂಡಿನ ವೈದ್ಯ ಲುಡ್ವಿಕ್ ರೈಖ್‌ಮನ್ ಬೆನ್ನಿಗೆ ನಿಂತರು. ಮುಂದೆ ಯುನಿಸೆಫ್ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾದವರು ಇದೇ ರೈಖ್‌ಮನ್. ಫೆರಿಯೆರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಯೌವನದಲ್ಲೇ ಅವರ ಕಿವಿ ಕೇಳಿಸದಂತಾಗಿತ್ತು. ಮಕ್ಕಳು ಎರಡು ಭಾಷೆಗಳಲ್ಲಿ ಕಲಿಯಬೇಕು ಎಂಬ ಶಾಲೆಗೆ ಜಾಗ ಕೊಟ್ಟವರು ಒಂದು ಭಾಷೆಯನ್ನೂ ಕಿವಿಯಿಂದ ಕೇಳಲಾಗದವರು.

ಆ ಎರಡು ಭಾಷೆಗಳು ಇಂಗ್ಲಿಷ್ ಮತ್ತು ಫ್ರೆಂಚ್. ಕಾರಣ ಸರಳ: ರಾಷ್ಟ್ರಸಂಘದ ಕಡತಗಳು ನಡೆಯುತ್ತಿದ್ದದ್ದು ಆ ಎರಡರಲ್ಲೇ. ಅಪ್ಪಂದಿರ ಆಫೀಸಿನ ಭಾಷೆ ಮಕ್ಕಳ ತರಗತಿಯ ಭಾಷೆಯಾಯಿತು. ಶಾಲೆಯ ಪೂರ್ಣ ಹೆಸರು ಜಿನೀವಾ ಅಂತರರಾಷ್ಟ್ರೀಯ ಶಾಲೆ. ಅಲ್ಲಿಯವರು ಪ್ರೀತಿಯಿಂದ ‘ಎಕೋಲಿಂಟ್’ ಎನ್ನುತ್ತಾರೆ.

1926ರ ಮಾರ್ಚಿನಲ್ಲಿ ಮುಂಬಯಿಯಿಂದ ಹಡಗು ಹತ್ತಿದ ಒಂದು ಕುಟುಂಬ ಜಿನೀವಾಕ್ಕೆ ಬಂತು. ತಾಯಿಗೆ ಕ್ಷಯ, ಚಿಕಿತ್ಸೆಗಾಗಿ ಬಂದವರು. ಎಂಟು ವರ್ಷದ ಮಗಳನ್ನು ಇದೇ ಶಾಲೆಗೆ ಸೇರಿಸಿದರು. ಆ ಹುಡುಗಿ ಇಂದಿರಾ, ತಂದೆ ತಾಯಿ ಜವಾಹರಲಾಲ್ ಮತ್ತು ಕಮಲಾ ನೆಹರು. ಆಕೆ ಅಲ್ಲಿದ್ದದ್ದು ಸ್ವಲ್ಪ ಕಾಲ, ಬಳಿಕ ಬೆಕ್ಸ್ ಊರಿನ ಬೇರೆ ಶಾಲೆಗೆ ಹೋದಳು. ಆದರೆ ಸ್ವಿಟ್ಜರ್‌ಲ್ಯಾಂಡಿನ ಆ ದಿನಗಳಲ್ಲಿ ಬಂದ ಫ್ರೆಂಚ್ ಜೀವನಪೂರ್ತಿ ಉಳಿಯಿತು. ಮನೆಗೆ ಮರಳಿದ ಮೇಲೆ, 1928ರ ಬೇಸಗೆಯಲ್ಲಿ, ಮಸ್ಸೂರಿಯಲ್ಲಿದ್ದ ಆ ಮಗಳಿಗೆ ತಂದೆ ಬರೆದ ಪತ್ರಗಳು ಪುಸ್ತಕವಾಗಿ ಪ್ರಸಿದ್ಧವಾದವಲ್ಲ, ಅವನ್ನು ಬರೆದದ್ದು ಇಂಗ್ಲಿಷಿನಲ್ಲಿ. ಅವು ಹಿಂದಿಗೆ ಬಂದದ್ದು ಪ್ರೇಮಚಂದರ ಅನುವಾದದಲ್ಲಿ! ಮಕ್ಕಳಿಗೆ ವಾಟ್ಸಾಪಿನಲ್ಲಿ ಯಾವ ಭಾಷೆಯಲ್ಲಿ ಬರೆಯುತ್ತೇವೆಂದು ನಾವೂ ಒಮ್ಮೆ ಫೋನ್ ತೆಗೆದು ನೋಡಿಕೊಳ್ಳಬಹುದು.

ಶಾಲೆಗೆ ನಿಜವಾದ ರೂಪ ಬಂದದ್ದು ಒಬ್ಬ ಮಹಿಳೆಯ ಕೈಯಲ್ಲಿ. ಮಾರಿ-ತೆರೇಸ್ ಮೊರೆತ್ 1929ರಿಂದ 1949ರವರೆಗೆ, ಇಪ್ಪತ್ತು ವರ್ಷ, ಅದರ ನಿರ್ದೇಶಕಿ. ಫ್ರಾನ್ಸಿನವರು. ಗಂಡ ಫೆರ್ನಾಂ ಮೊರೆತ್ ಕಾರ್ಮಿಕ ಸಂಸ್ಥೆಯಲ್ಲಿದ್ದ ಭೂಗೋಳಜ್ಞ. ಆಕೆ ಅಧಿಕಾರ ವಹಿಸಿಕೊಂಡ ವರ್ಷವೇ ಶಾಲೆ ‘ಲಾ ಗ್ರಾಂದ್ ಬ್ವಾಸಿಯೇರ್’ ಎಂಬ ದೊಡ್ಡ ತೋಟಕ್ಕೆ ಸ್ಥಳಾಂತರವಾಯಿತು. ಇವತ್ತಿಗೂ ಅಲ್ಲೇ ಇದೆ. ಇಲ್ಲೊಂದು ವಿಚಾರ ನಮ್ಮ ಮಹಿಳಾ ವಿಭಾಗದ ಸದಸ್ಯೆಯರು ಗಮನಿಸಬೇಕು. ಸ್ವಿಟ್ಜರ್‌ಲ್ಯಾಂಡಿನ ಮಹಿಳೆಯರಿಗೆ ರಾಷ್ಟ್ರಮಟ್ಟದಲ್ಲಿ ಮತದಾನದ ಹಕ್ಕು ಸಿಕ್ಕಿದ್ದು 1971ರಲ್ಲಿ. ಜಿನೀವಾ ಪ್ರಾಂತ್ಯದಲ್ಲಿ 1960ರಲ್ಲಿ. ನಮ್ಮ ಅಜ್ಜಿಯಂದಿರು 1951–52ರ ಚುನಾವಣೆಯಲ್ಲೇ ಮತ ಹಾಕಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡಿದ್ದರು. ಹೆಂಗಸಿಗೆ ಮತವೇ ಇಲ್ಲದ ನಾಡಿನಲ್ಲಿ ಮೊರೆತ್ ಹಲವು ದೇಶಗಳ ಮಕ್ಕಳ ಶಾಲೆಯನ್ನು, ಅದೂ ಎರಡನೇ ಮಹಾಯುದ್ಧದ ವರ್ಷಗಳನ್ನು ದಾಟಿಸಿ, ನಡೆಸಿದರು.

ಅವರ ಪಾಠಕ್ರಮ ಕುತೂಹಲದ್ದು. ನಮ್ಮಲ್ಲಿ ಭೂಗೋಳ ಶುರುವಾಗುವುದು ನಮ್ಮ ಊರು, ನಮ್ಮ ಜಿಲ್ಲೆ, ನಮ್ಮ ರಾಜ್ಯ ಎಂದು. ಅಲ್ಲಿ ತಿರುಗುಮುರುಗು: ಮೊದಲು ಇಡೀ ಭೂಮಿ, ಆಮೇಲೆ ದೇಶಗಳು. ಇದನ್ನು ಕಲಿಸಿದವರು ಪೋಲ್ ದ್ಯುಪ್ವೀ, ಮೊರೆತ್ ಅವರ ಸ್ವಂತ ತಂದೆ. ಪ್ಯಾರಿಸ್ಸಿನ ಹೆಸರಾಂತ ಶಿಕ್ಷಣ ಸಂಸ್ಥೆಯೊಂದರಿಂದ ನಿವೃತ್ತರಾಗಿ, ಎಪ್ಪತ್ತರ ಆಸುಪಾಸಿನಲ್ಲಿ ಇಲ್ಲಿ ಮಕ್ಕಳ ಮುಂದೆ ಗ್ಲೋಬ್ ಹಿಡಿದು ನಿಂತವರು. ಇತಿಹಾಸವನ್ನಂತೂ ಮೊರೆತ್ ಬೇಗ ಕಲಿಸಲು ಒಪ್ಪುತ್ತಿರಲಿಲ್ಲ. ಚಿಕ್ಕ ಮಗುವಿಗೆ ತನ್ನ ದೇಶದ ಯುದ್ಧಗಳ ಕಥೆ ಹೇಳಿದರೆ ಮಿಕ್ಕ ದೇಶಗಳೆಲ್ಲ ಶತ್ರುಗಳಾಗಿಯೇ ಮನಸ್ಸಿನಲ್ಲಿ ಕೂರುತ್ತವೆ ಎಂಬ ಅಂಜಿಕೆ. ಹನ್ನೆರಡರ ಹೊತ್ತಿಗೆ ಇತಿಹಾಸ, ಅದೂ ಪ್ರಪಂಚದ ಇತಿಹಾಸ. ಇದನ್ನೆಲ್ಲ ಅವರು 1948ರಲ್ಲಿ ಯುನೆಸ್ಕೋಗಾಗಿ ಬರೆದುಕೊಟ್ಟರು. ಶಾಂತಿಗಾಗಿ ಶಿಕ್ಷಣ ಕೊಡುವ ವಿಧಾನ ಎಂಬುದೊಂದು ಇದೆಯೇ ಎಂಬುದೇ ಆ ಪುಸ್ತಿಕೆಯ ಪ್ರಶ್ನೆ. ಎರಡು ಭಾಷೆ ಕಲಿಯುವುದು ಅವರ ಲೆಕ್ಕದಲ್ಲಿ ನೌಕರಿಗೆ ಅನುಕೂಲವಾಗಲೆಂದು ಮಾತ್ರವಲ್ಲ. ಒಂದೇ ವಸ್ತುವಿಗೆ ಎರಡು ಹೆಸರು ಇರಬಹುದೆಂದು ತಿಳಿದ ಮಗು, ಒಂದೇ ವಿಷಯಕ್ಕೆ ಎರಡು ಅಭಿಪ್ರಾಯವೂ ಇರಬಹುದೆಂದು ಬೇಗ ಒಪ್ಪಿಕೊಳ್ಳುತ್ತದೆ. ಇದು ಅವರ ಮಾತಲ್ಲ, ನಾನು ಹಾಗೆ ಅರ್ಥ ಮಾಡಿಕೊಂಡಿದ್ದೇನೆ.

ಅದೇ ಶಾಲೆಯಲ್ಲಿ 1933ರಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ಇನ್ನೊಬ್ಬ ಮಹಿಳೆ ಝಾನ್ ಹೆರ್ಶ್. ಪೋಲೆಂಡಿನಿಂದ ಬಂದ ಯಹೂದಿ ದಂಪತಿಯ ಮಗಳು. ಮುಂದೆ ಜಿನೀವಾ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕಿಯಾದರು, ಯುನೆಸ್ಕೋದ ತತ್ವಶಾಸ್ತ್ರ ವಿಭಾಗವನ್ನು ನಡೆಸಿದರು.

ಇಷ್ಟೆಲ್ಲ ಮೆಚ್ಚಿಕೊಂಡ ಮೇಲೂ ನನ್ನನ್ನು ಕಾಡುವ ಪ್ರಶ್ನೆಯೊಂದಿದೆ. ಇಂಗ್ಲಿಷ್ ಅಥವಾ ಫ್ರೆಂಚ್ ಮನೆಮಾತಾಗಿದ್ದ ಮಗುವಿಗೆ ಈ ಶಾಲೆ ದ್ವಿಭಾಷಾ ಶಾಲೆ. ಪೋಲಿಷ್, ಚೀನೀ, ಪಾರ್ಸಿ, ಹಿಂದೂಸ್ತಾನಿ ಮಾತಾಡುವ ಮನೆಯಿಂದ ಬಂದ ಮಗುವಿಗೆ? ಅದಕ್ಕೆ ಎರಡೂ ಪರಭಾಷೆಗಳೇ. ಅದರ ಸ್ವಂತ ಭಾಷೆ ಚಪ್ಪಲಿಯ ಹಾಗೆ ಬಾಗಿಲ ಹೊರಗೆ ಉಳಿಯಿತು. ಅದನ್ನು ಕಾಪಾಡುವ ಕೆಲಸ ಮನೆಯವರದ್ದು, ಅಂದರೆ ಹೆಚ್ಚಾಗಿ ತಾಯಿಯದ್ದು. ಶಾಲೆಯ ಚರಿತ್ರೆಯಲ್ಲಿ ಸ್ಥಾಪಕರ ಹೆಸರುಗಳಿವೆ. ಸಂಜೆ ಅಡುಗೆಮನೆಯಲ್ಲಿ ಪೋಲಿಷ್ ಅಕ್ಷರ ತಿದ್ದಿಸಿದ ತಾಯಂದಿರ ಹೆಸರು ಯಾವ ಕಡತದಲ್ಲಿ ಇದ್ದೀತು?

ಇದನ್ನು ಬರೀ ಸ್ವಿಸ್ ಶಾಲೆಯ ತಪ್ಪೆಂದು ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಮುಂಬಯಿಯ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳನ್ನು ನೆನೆಯಿರಿ. ಹಗಲೆಲ್ಲ ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ದುಡಿದು ರಾತ್ರಿ ಹಲಗೆಯ ಮುಂದೆ ಕೂತ ಆ ಹುಡುಗರಲ್ಲಿ ಎಷ್ಟೋ ಮಂದಿಯ ಮನೆಮಾತು ತುಳು, ಕೊಂಕಣಿ, ಬ್ಯಾರಿ. ಅವರಿಗೆ ಕನ್ನಡ ಶಾಲೆಯ ಭಾಷೆ, ಓದು ಬರಹದ ಭಾಷೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು (ಅದೂ ಸ್ವಿಟ್ಜರ್‌ಲ್ಯಾಂಡಿನದೇ ಊರು) ತುಳುನಾಡಿನ ಮಕ್ಕಳಿಗೆ ಕನ್ನಡದಲ್ಲಿ ಪಾಠ ಹೇಳಿದರು. ಜಿನೀವಾದಲ್ಲಿ ಪೋಲಿಷಿಗೆ ಆದದ್ದೇ ಇಲ್ಲಿ ತುಳುವಿಗೆ ಆಯಿತು. ಆದರೂ ತುಳು ಬದುಕಿತು. ಬದುಕಿಸಿದ್ದು ಮನೆ, ಯಕ್ಷಗಾನ, ನಾಟಕ, ದೈವದ ಅಂಗಳ. ಭಾಷೆಗೆ ಪಾಠದ ಕೋಣೆಯ ಹೊರಗೂ ಕೆಲಸವಿದ್ದರೆ ಅದು ಶಾಲೆಯನ್ನೇ ಕಾಯುತ್ತ ಕೂರುವುದಿಲ್ಲ.

ಜಿನೀವಾಕ್ಕೆ ಹಿಂತಿರುಗೋಣ. ಯುದ್ಧದ ನಂತರ ಶಾಲೆಗೆ ಇನ್ನೊಂದು ತಲೆನೋವು ಜೋರಾಯಿತು. ಮಕ್ಕಳು ಒಟ್ಟಿಗೆ ಬೆಳೆಯುತ್ತಿದ್ದರು, ಆದರೆ ಕೊನೆಯ ವರ್ಷಗಳಲ್ಲಿ ಬೇರೆಬೇರೆಯಾಗಬೇಕಿತ್ತು: ಫ್ರೆಂಚ್ ವಿಶ್ವವಿದ್ಯಾಲಯಕ್ಕೆ ಹೋಗುವವರು ಆ ದೇಶದ ಪರೀಕ್ಷೆಗೆ, ಬ್ರಿಟನ್ನಿಗೆ ಹೋಗುವವರು ಅಲ್ಲಿನದಕ್ಕೆ, ಅಮೆರಿಕದವರು, ಸ್ವಿಸ್ಸಿನವರು ತಮ್ಮತಮ್ಮದಕ್ಕೆ. ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾಲ್ಕು ಕೋಣೆಗೆ ಹಂಚಿಹೋದರೆ ಅಂತರರಾಷ್ಟ್ರೀಯತೆ ಎಲ್ಲಿ ಉಳಿಯಿತು? 1962ರಲ್ಲಿ ಅಲ್ಲಿನ ಇತಿಹಾಸದ ಅಧ್ಯಾಪಕ ರಾಬರ್ಟ್ ಲೀಚ್ ಮುತುವರ್ಜಿಯಿಂದ ಬೇರೆಬೇರೆ ಅಂತರರಾಷ್ಟ್ರೀಯ ಶಾಲೆಗಳ ಸಮಾಜ ವಿಜ್ಞಾನ ಅಧ್ಯಾಪಕರು ಜಿನೀವಾದಲ್ಲಿ ಸೇರಿದರು. ಎಲ್ಲ ದೇಶಗಳೂ ಒಪ್ಪುವ ಒಂದೇ ಪರೀಕ್ಷೆ ಏಕಿರಬಾರದು ಎಂಬ ಮಾತು ಅಲ್ಲಿ ಗಟ್ಟಿಯಾಯಿತು. ಸಮಕಾಲೀನ ಇತಿಹಾಸ ಎಂಬ ಒಂದೇ ವಿಷಯದಿಂದ ಪ್ರಯೋಗ ಮೊದಲಾಯಿತು. 1968ರಲ್ಲಿ ಸಂಸ್ಥೆಯೇ ಹುಟ್ಟಿತು. ಅದೇ ಇಂದು ನಾವು ಐ.ಬಿ. ಎಂದು ಕರೆಯುವ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್. ಅದರ ಮೊದಲ ಮಹಾನಿರ್ದೇಶಕರು ಆಕ್ಸ್‌ಫರ್ಡಿನ ಅಲೆಕ್ ಪೀಟರ್‌ಸನ್.

ಐ.ಬಿ.ಯ ಕೆಲಸದ ಭಾಷೆಗಳೂ ಮೊದಲಿಗೆ ಇಂಗ್ಲಿಷ್ ಮತ್ತು ಫ್ರೆಂಚೇ. ಆದರೆ ಒಂದು ಒಳ್ಳೆಯ ಕೆಲಸ ಆಯಿತು. ಪ್ರತಿ ವಿದ್ಯಾರ್ಥಿಯೂ ಒಂದು ಭಾಷೆಯ ಸಾಹಿತ್ಯವನ್ನು ಆಳವಾಗಿ ಓದಬೇಕು, ಇನ್ನೊಂದು ಭಾಷೆಯನ್ನೂ ಕಲಿಯಬೇಕು ಎಂಬ ನಿಯಮವಿಟ್ಟರು. ಮೊದಲನೆಯದು ಆ ಮಗುವಿನ ತಾಯ್ನುಡಿ ಆಗಿರಬಹುದು. ಶಾಲೆಯಲ್ಲಿ ಆ ಭಾಷೆಯ ಅಧ್ಯಾಪಕರಿಲ್ಲದಿದ್ದರೆ ಶಾಲೆಯ ನೆರವಿನೊಂದಿಗೆ ತಾನೇ ಓದಿ ಪರೀಕ್ಷೆಗೆ ಕೂರುವ ದಾರಿಯನ್ನೂ ತೆರೆದರು. 1924ರಲ್ಲಿ ಬಾಗಿಲ ಹೊರಗೆ ನಿಂತ ಮೂರನೆಯ ಭಾಷೆ ಒಳಗೆ ಬರಲು ನಾಲ್ಕು ದಶಕ ದಾಟಿತು ಅನ್ನಿ. ಬಂದರೂ ಹಿಂದಿನ ಬೆಂಚಿನಲ್ಲಿ ಜಾಗ.

ನಮ್ಮ ದೇಶದಲ್ಲಿ ಐ.ಬಿ. ಮೊದಲು ಬಂದದ್ದು 1976ರಲ್ಲಿ, ಕೊಡೈಕೆನಾಲಿನ ಶಾಲೆಗೆ. 1901ರಲ್ಲಿ ಅಮೆರಿಕನ್ ಮಿಶನರಿಗಳ ಮಕ್ಕಳಿಗಾಗಿ ಆರಂಭವಾದ ಶಾಲೆಯದು. ಈಗ ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದಿನಲ್ಲಿ ಐ.ಬಿ. ಶಾಲೆಗಳು ಬೇಕಾದಷ್ಟಿವೆ. ಜಿನೀವಾದ ತಾಯಿ-ಶಾಲೆ ಮೂರು ಕ್ಯಾಂಪಸ್ಸುಗಳಲ್ಲಿ, ಮೂರು ವರ್ಷದ ಕೂಸಿನಿಂದ ಹದಿನೆಂಟರವರೆಗೆ, ಸುಮಾರು 4,500 ಮಕ್ಕಳಿಗೆ ಕಲಿಸುತ್ತಿದೆ. ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ. ಆದರೆ ಮೇಲಿನ ತರಗತಿಗಳಲ್ಲಿ ವರ್ಷದ ಶುಲ್ಕ 30,000 ಸ್ವಿಸ್ ಫ್ರಾಂಕ್ ದಾಟುತ್ತದೆ; ಶಾಂತಿಯ ಪಾಠಕ್ಕೆ ಇಷ್ಟು ಬೆಲೆಯೇ ಎಂದು ಉದ್ಗಾರ ತೆಗೆಯದೆ ಇರಲಾಗುವುದಿಲ್ಲ.

ಹೊರನಾಡಿನ ನಮ್ಮ ಮಕ್ಕಳ ಲೆಕ್ಕ ಈಗ ಹೀಗಿದೆ. ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯಂತೆ ಎಲ್ಲ ಶಾಲೆಗಳಲ್ಲೂ ಮರಾಠಿ ಕಲಿಯಬೇಕು, ಅದು ನ್ಯಾಯವೂ ಹೌದು. ನೆಲದ ಭಾಷೆ ಅದು. ಕರ್ನಾಟಕದಲ್ಲಿ 2015ರ ಕನ್ನಡ ಕಲಿಕಾ ಕಾಯ್ದೆ ತಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದವರೇ. ಅದರ ಮೇಲೆ ಇಂಗ್ಲಿಷ್, ಹಿಂದಿ. ಕನ್ನಡ ನಾಲ್ಕನೆಯದು. ಒಂದು ಕಾಲದಲ್ಲಿ ಮುಂಬಯಿ ಮಹಾನಗರ ಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳು ನಮ್ಮ ಮಕ್ಕಳಿಂದ ತುಂಬಿರುತ್ತಿದ್ದವು. ಮಕ್ಕಳಿಲ್ಲದೆ ಅವು ಒಂದೊಂದಾಗಿ ಮುಚ್ಚುತ್ತ ಬಂದವು. ಮುಚ್ಚಿದ್ದು ಪಾಲಿಕೆ ಎನ್ನುತ್ತೇವೆ, ಮಕ್ಕಳನ್ನು ಕಳುಹಿಸದೆ ಇದ್ದವರು ನಾವು. ಉಳಿದಿರುವುದು ಸಂಘದ ವಾರಾಂತ್ಯದ ತರಗತಿ. ಅಲ್ಲಿ ಅ ಆ ಇ ಈ ಮುಗಿದು ಕಾಗುಣಿತಕ್ಕೆ ಬರುವಷ್ಟರಲ್ಲಿ ಒಂಬತ್ತನೇ ತರಗತಿಯ ಟ್ಯೂಷನ್ ಶುರುವಾಗಿ ಮಕ್ಕಳು ಬಿಟ್ಟುಬಿಡುತ್ತಾರೆ.

ಐ.ಬಿ. ಶಾಲೆಗೆ ಮಕ್ಕಳನ್ನು ಕಳುಹಿಸುತ್ತಿರುವ ಗೆಳತಿಯರು ಇದೊಂದನ್ನು ತಿಳಿದಿರಲಿ. ಸಿದ್ಧ ಪಟ್ಟಿಯಲ್ಲಿಲ್ಲದ ಭಾಷೆಗೂ ವಿಶೇಷ ವಿನಂತಿ ಸಲ್ಲಿಸುವ ವ್ಯವಸ್ಥೆ ಅಲ್ಲಿದೆ. ವಿನಂತಿ ಹೋಗಬೇಕಾದದ್ದು ಶಾಲೆಯ ಮೂಲಕ, ಅದೂ ಕೊನೆಯ ಎರಡು ವರ್ಷದ ಕೋರ್ಸ್ ಶುರುವಾಗುವ ಮೊದಲೇ. ಮಗು ಆ ಹೊತ್ತಿಗೆ ಕನ್ನಡದಲ್ಲಿ ಒಂದು ಕಾದಂಬರಿ ಓದಿ ಅದರ ಬಗ್ಗೆ ನಾಲ್ಕು ಪುಟ ಬರೆಯುವಂತಿರಬೇಕು. ಈಗ ನಾಲ್ಕನೇ ತರಗತಿಯಲ್ಲಿರುವ ಮಗುವಿಗೆ ಅದಕ್ಕೆ ಇನ್ನು ಏಳು ವರ್ಷ ಸಮಯವಿದೆ. ನಮ್ಮ ಭಾನುವಾರದ ತರಗತಿ ಬೆಳಿಗ್ಗೆ ಹತ್ತಕ್ಕೆ.