ಸೆಡೇಷನ್

ಸೆಡೇಷನ್ ಎಂದರೆ ಔಷಧದ ಮೂಲಕ ರೋಗಿಯ ಆತಂಕ, ಚಡಪಡಿಕೆ ಮತ್ತು ಎಚ್ಚರವನ್ನು ಅಗತ್ಯವಿರುವಷ್ಟೇ ತಗ್ಗಿಸಿ ಮಂಪರಿನ ಸ್ಥಿತಿಗೆ ತರುವ ವೈದ್ಯಕೀಯ ಕ್ರಮ. ಇದಕ್ಕೆ ಬಳಸುವ ಔಷಧಗಳನ್ನು ಶಾಮಕಗಳೆನ್ನುತ್ತಾರೆ. ಎಂಡೋಸ್ಕೋಪಿ, ಹಲ್ಲಿನ ಚಿಕಿತ್ಸೆ, ಚಿಕ್ಕ ಮಕ್ಕಳ ಎಂಆರ್‌ಐ ಸ್ಕ್ಯಾನ್ ಮೊದಲಾದ ಸಂದರ್ಭಗಳಲ್ಲಿಯೂ ತೀವ್ರ ನಿಗಾ ಘಟಕದಲ್ಲಿಯೂ ಇದು ಬಳಕೆಯಲ್ಲಿದೆ.

ಜನಸಾಮಾನ್ಯರು ಸೆಡೇಷನ್, ಅರಿವಳಿಕೆ, ನೋವುನಿವಾರಣೆ ಮೂರನ್ನೂ ಒಂದೇ ಎಂದು ಭಾವಿಸುವುದುಂಟು, ಅದು ಸರಿಯಲ್ಲ. ಮಿಡಜೋಲಾಮ್ ಪಡೆದ ರೋಗಿಗೆ ನಡೆದದ್ದು ಮರೆತುಹೋಗಬಹುದು, ಆದರೆ ಆ ಔಷಧಕ್ಕೆ ನೋವು ತಡೆಯುವ ಗುಣವಿಲ್ಲ. ಆದುದರಿಂದ ನೋವುಂಟುಮಾಡುವ ಚಿಕಿತ್ಸೆಗಳಲ್ಲಿ ಫೆಂಟನಿಲ್‌ನಂತಹ ನೋವುನಿವಾರಕವನ್ನೋ ಸ್ಥಳೀಯ ಅರಿವಳಿಕೆಯನ್ನೋ ಜೊತೆಗೆ ನೀಡಲಾಗುತ್ತದೆ.

ಹಂತಗಳು

ಲಘು ಸೆಡೇಷನ್‌ನಲ್ಲಿ ರೋಗಿಯು ಮಾತಿಗೆ ಸಹಜವಾಗಿ ಉತ್ತರಿಸಬಲ್ಲರು. ಮಧ್ಯಮ ಹಂತದಲ್ಲಿ ಕರೆದಾಗ ಅಥವಾ ಮೆಲ್ಲನೆ ತಟ್ಟಿದಾಗ ಸ್ಪಂದಿಸುತ್ತಾರೆ. ಆಳವಾದ ಹಂತದಲ್ಲಿ ಮತ್ತೆ ಮತ್ತೆ ಅಥವಾ ನೋವಾಗುವಂತೆ ಪ್ರಚೋದಿಸಿದರೆ ಮಾತ್ರ ಪ್ರತಿಕ್ರಿಯೆ ದೊರೆಯುತ್ತದೆ; ಉಸಿರಾಟಕ್ಕೆ ನೆರವು ಬೇಕಾಗಬಹುದು. ಅದರಾಚೆಗಿನದು ಸಂಪೂರ್ಣ ಅರಿವಳಿಕೆ. ಈ ಹಂತಗಳ ನಡುವೆ ಗೋಡೆಗಳಿಲ್ಲ. ಯುವಕರಿಗೆ ಲಘುವೆನಿಸುವ ಪ್ರಮಾಣವೇ ವೃದ್ಧರನ್ನು ಆಳವಾದ ಮಂಪರಿಗೆ ತಳ್ಳಬಹುದು. ಹೀಗಾಗಿ, ಉದ್ದೇಶಿಸಿದ್ದಕ್ಕಿಂತ ಆಳಕ್ಕೆ ಜಾರಿದ ರೋಗಿಯನ್ನು ಪಾರುಮಾಡಬಲ್ಲ ತರಬೇತಿಯುಳ್ಳವರೇ ಶಾಮಕಗಳನ್ನು ನೀಡಬೇಕೆಂಬುದು ನಿಯಮ.

ಅಪಾಯ ಮತ್ತು ಎಚ್ಚರಿಕೆ

ಮುಖ್ಯ ಅಪಾಯವಿರುವುದು ಉಸಿರಾಟಕ್ಕೆ. ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಿಗೆ ಹಿಂದಕ್ಕೆ ಜಾರಿ ಶ್ವಾಸಮಾರ್ಗ ಮುಚ್ಚಬಹುದು. ಪಲ್ಸ್ ಆಕ್ಸಿಮೀಟರ್‌ನಿಂದ ಆಮ್ಲಜನಕದ ಮಟ್ಟವನ್ನು ಸತತವಾಗಿ ಗಮನಿಸುವುದು ಇದೇ ಕಾರಣಕ್ಕೆ. ವಾಂತಿಯಾದರೆ ಅದು ಶ್ವಾಸಕೋಶವನ್ನು ಸೇರುವ ಭಯವೂ ಇದೆ. ಪೂರ್ವನಿಗದಿತ ಚಿಕಿತ್ಸೆಗೆ ಮೊದಲು ಸಾಮಾನ್ಯವಾಗಿ ಲಘು ಆಹಾರವನ್ನು ಕನಿಷ್ಠ 6 ಗಂಟೆ, ನೀರನ್ನು 2 ಗಂಟೆ ಮುಂಚೆಯೇ ನಿಲ್ಲಿಸಬೇಕು. ಹಾಲು ಬೆರೆಸಿದ ಕಾಫಿಯು ನೀರಿನ ಲೆಕ್ಕಕ್ಕೆ ಬಾರದು, ಆಹಾರದ ಲೆಕ್ಕಕ್ಕೇ ಸೇರುತ್ತದೆ; ಕುಡಿದಿದ್ದರೆ ವೈದ್ಯರಿಂದ ಮರೆಮಾಚಬಾರದು.

ಮಿಡಜೋಲಾಮ್‌ನ ಪರಿಣಾಮವನ್ನು ಫ್ಲುಮಜೆನಿಲ್ ತಗ್ಗಿಸಬಲ್ಲದು. ಫೆಂಟನಿಲ್‌ಗೆ ನಲಾಕ್ಸೋನ್ ಇದೆ. ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್‌ಗೆ ಇಂತಹ ಪ್ರತ್ಯೌಷಧವಿಲ್ಲ. ಗಾಯಕ ಮೈಕೆಲ್ ಜಾಕ್ಸನ್ 2009ರಲ್ಲಿ ಮೃತಪಟ್ಟದ್ದು ಈ ಔಷಧದ ವಿಷಮ ಪರಿಣಾಮದಿಂದ.

ತೀವ್ರ ನಿಗಾ ಘಟಕದಲ್ಲಿ

ವೆಂಟಿಲೇಟರ್ ಅಳವಡಿಸಿದ ರೋಗಿಗಳಿಗೆ ದಿನಗಟ್ಟಲೆ ಶಾಮಕ ಬೇಕಾಗಬಹುದು. ಮಂಪರಿನ ಆಳವನ್ನು ಅಳೆಯಲು 1974ರಲ್ಲಿ ಪ್ರಕಟವಾದ ರ‍್ಯಾಮ್ಸೆ ಮಾಪಕದಲ್ಲಿ 6 ಹಂತಗಳಿವೆ. ಜಾನ್ ಕ್ರೆಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೊಮ್ಮೆ ಶಾಮಕವನ್ನು ನಿಲ್ಲಿಸಿ ಎಚ್ಚರಿಸಿದ ರೋಗಿಗಳು ಉಳಿದವರಿಗಿಂತ ಬೇಗನೆ ವೆಂಟಿಲೇಟರ್‌ನಿಂದ ಹೊರಬಂದರು. ಆ ಬಳಿಕ ಸಾಧ್ಯವಾದಷ್ಟು ಲಘುವಾದ ಸೆಡೇಷನ್ ನೀಡುವ ಪದ್ಧತಿ ಬಲಗೊಂಡಿತು.