ಬೀಳುವ ಇಟ್ಟಿಗೆಗಳ ಸೆಳೆತ: ಅಂಗೈ ಒಗಟಿನಾಟ ಕೆಳಗಿಡಲು ಮನಸ್ಸಾಗದು ಯಾಕೆ?

ಅಂಗೈಯಲ್ಲಿ ಹಿಡಿದು ಆಡುವ ಒಗಟಿನ ವಿಡಿಯೋ ಗೇಮ್‌ಗೆ ದೊಡ್ಡ ಕಥೆ ಬೇಕಿಲ್ಲ. ಮೇಲಿನಿಂದ ತುಂಡುಗಳು ಬೀಳುತ್ತವೆ. ತಿರುಗಿಸಿ, ಸರಿಸಿ, ಸರಿಯಾದ ಜಾಗಕ್ಕೆ ಕೂರಿಸಬೇಕು. ಸಾಲು ತುಂಬಿದರೆ ಅದು ಮಾಯವಾಗುತ್ತದೆ. ಶಾಲೆಯ ಮಗುವಿಗೂ ಮನೆಯ ಅಜ್ಜಿಗೂ ಒಂದೇ ನಿಮಿಷದಲ್ಲಿ ತಿಳಿಯುವ ಈ ಆಟ ಇಬ್ಬರನ್ನೂ ಗಂಟೆಗಟ್ಟಲೆ ಕೂರಿಸಬಲ್ಲದು. ಇದರ ಮೂಲ ಮಾದರಿ ಟೆಟ್ರಿಸ್. ನಮ್ಮ ಕಡೆ ಅದು ಹೆಚ್ಚು ಪರಿಚಿತವಾದದ್ದು ಬ್ರಿಕ್ ಗೇಮ್ ಎಂಬ ಹೆಸರಿನಲ್ಲಿ. ಈ ಸೆಳೆತ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ತಿಳಿದವರಿಗೆ ಆಟದ ಸುಖವೂ ಹೆಚ್ಚು, ಅದನ್ನು ನಿಲ್ಲಿಸುವ ಹಿಡಿತವೂ ಹೆಚ್ಚು.

ಮೈಸೂರು ಕಂಡ ಒಗಟು

ಒಬ್ಬರೇ ಕೂತು ಚೌಕಗಳ ಮೇಲೆ ತಲೆ ಓಡಿಸುವ ಸುಖ ಮೈಸೂರಿಗೆ ಹೊಸದಲ್ಲ. ಇಲ್ಲಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಅವರ ಕೈಯಿಂದ 1831ರಲ್ಲಿ ಆಡಳಿತ ಬ್ರಿಟಿಷರ ಪಾಲಾಯಿತು. ಆಮೇಲಿನ ವರ್ಷಗಳಲ್ಲಿ ಅವರು ಸಾಹಿತ್ಯ, ಚಿತ್ರಕಲೆಗಳ ಜೊತೆಗೆ ಆಟಗಳಿಗೂ ಮನಸ್ಸು ಕೊಟ್ಟರು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತು ಭಾಗಗಳಲ್ಲಿ ಒಂದಾದ ಕೌತುಕನಿಧಿಯ ವಿಷಯವೇ ಆಟ. ಅವರು ರೂಪಿಸಿದ ಗಂಜೀಫಾ ಎಲೆಯಾಟದ ಕಟ್ಟುಗಳಲ್ಲಿ 360 ಎಲೆಗಳದ್ದೂ ಉಂಟು.

ಚದುರಂಗದ ಕುದುರೆಯ ಒಗಟು ಅವರನ್ನು ವಿಶೇಷವಾಗಿ ಸೆಳೆದಿತ್ತು. ಕುದುರೆ ತನ್ನ ನಡೆಯಲ್ಲೇ ಹಾರುತ್ತ 64 ಮನೆಗಳನ್ನೂ ಮುಟ್ಟಬೇಕು, ಯಾವ ಮನೆಗೂ ಎರಡನೇ ಸಲ ಕಾಲಿಡಬಾರದು. ಈ ನಡೆಯಂತೆ ಅಕ್ಷರಗಳನ್ನು ಜೋಡಿಸಿದ ಪದ್ಯಕ್ಕೆ ಕಾವ್ಯಶಾಸ್ತ್ರದಲ್ಲಿ ತುರಗಪದ ಬಂಧವೆಂದು ಹೆಸರು. 9ನೇ ಶತಮಾನದ ರುದ್ರಟನ ‘ಕಾವ್ಯಾಲಂಕಾರ’ದಲ್ಲೇ ಇದರ ಉದಾಹರಣೆ ಸಿಗುತ್ತದೆ. ಕುದುರೆ ಹೊರಟ ಮನೆಗೇ ಮರಳಬಹುದಾದ ಸುತ್ತುಗಳೇ 13 ಲಕ್ಷ ಕೋಟಿಗೂ ಹೆಚ್ಚಿವೆ. ಇಷ್ಟು ದಾರಿಗಳಿದ್ದರೂ ಬೇಕೆಂದಾಗ ಒಂದೂ ಕೈಗೆ ಸಿಕ್ಕುವುದಿಲ್ಲ. ನಿಯಮ ಒಂದೇ ಸಾಲಿನದು, ಹುಡುಕಾಟ ಮಾತ್ರ ಅಪಾರ. ಒಳ್ಳೆಯ ಒಗಟಿನಾಟದ ಮೊದಲ ಲಕ್ಷಣ ಇದೇ.

ಮಾಸ್ಕೋದಿಂದ ಅಂಗೈಗೆ

1984ರಲ್ಲಿ ಮಾಸ್ಕೋದ ಗಣಕ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದ ಅಲೆಕ್ಸಿ ಪಜಿತ್ನೊವ್‌ಗೆ ಐದು ಚೌಕಗಳ ತುಂಡುಗಳನ್ನು ಜೋಡಿಸುವ ಮರದ ಒಗಟೆಂದರೆ ಪ್ರೀತಿ. ಗಣಕದ ಆಟಕ್ಕಾಗಿ ಅವರು ತುಂಡಿನ ಚೌಕಗಳನ್ನು ನಾಲ್ಕಕ್ಕೆ ಇಳಿಸಿದರು. ಆಗ ಸಿಕ್ಕ ಏಳು ಆಕಾರಗಳಿಂದಲೇ ಟೆಟ್ರಿಸ್ ಹುಟ್ಟಿತು. ಅವರ ಎಲೆಕ್ಟ್ರೋನಿಕಾ 60 ಯಂತ್ರಕ್ಕೆ ಚಿತ್ರ ಬಿಡಿಸುವ ಶಕ್ತಿಯಿರಲಿಲ್ಲ, ಕೀಲಿಮಣೆಯ ಆವರಣ ಚಿಹ್ನೆಗಳೇ ತುಂಡುಗಳಾದವು. 1989ರಲ್ಲಿ ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಜೊತೆ ಸೇರಿ ಈ ಆಟ ಜಗತ್ತಿನ ಜೇಬುಗಳಿಗೆ ಇಳಿಯಿತು.

ಭಾರತದ ಮಧ್ಯಮವರ್ಗದ ಮನೆಗಳಿಗೆ ಬಂದದ್ದು ಹೆಚ್ಚಾಗಿ ಅದರ ಅಗ್ಗದ ಚೀನೀ ತಮ್ಮ: ಬೂದು ಪರದೆ, ಎರಡು ಪೆನ್ಸಿಲ್ ಸೆಲ್, ಮೇಲೆ ‘9999 ಇನ್ 1’ ಎಂಬ ಬರಹ. ಒಳಗಿದ್ದದ್ದು ಕೆಲವೇ ಆಟ. ವೇಗ, ಹಂತಗಳನ್ನು ಬದಲಿಸಿ ಎಣಿಕೆ ಹೆಚ್ಚಿಸಿದ್ದರು. 1997ರಲ್ಲಿ ನೋಕಿಯಾ 6110 ಫೋನಿನೊಳಗೆ ಹಾವಿನ ಆಟ ಬಂತು, 2012ರಲ್ಲಿ ಕ್ಯಾಂಡಿ ಕ್ರಶ್ ಬಂತು. ಈಗ ಮೈಸೂರಿನ ಹಿನಕಲ್‌ನಲ್ಲಿ ಸಿಟಿ ಬಸ್ ಹತ್ತಿದವರು ಹುಣಸೂರು ರಸ್ತೆ ದಾಟಿ ನಗರ ಬಸ್ ನಿಲ್ದಾಣ ತಲುಪುವಷ್ಟರಲ್ಲಿ ನಾಲ್ಕಾರು ಸುತ್ತು ಆಡಿ ಮುಗಿಸಬಹುದು. ಬಿಡುವಿನ ಯಾವ ಚೂರಿನಲ್ಲೂ ಹಿಡಿಸುವಷ್ಟು ಚಿಕ್ಕದಾಗಿರುವುದೇ ಇದರ ಬಲ.

ಬೆರಳು ಮಾಡುವ ಯೋಚನೆ

ಡೇವಿಡ್ ಕಿರ್ಶ್ ಮತ್ತು ಪಾಲ್ ಮಾಗ್ಲಿಯೊ 1994ರಲ್ಲಿ ಟೆಟ್ರಿಸ್ ಆಟಗಾರರನ್ನು ಕುರಿತ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಆಟಗಾರರು ತುಂಡನ್ನು ಮೊದಲು ಮನಸ್ಸಿನಲ್ಲಿ ತಿರುಗಿಸಿ ನೋಡಿ ಆಮೇಲೆ ಗುಂಡಿ ಒತ್ತುತ್ತಿರಲಿಲ್ಲ. ಪರದೆಯ ಮೇಲೇ ತಿರುಗಿಸಿ, ಹೊಂದುತ್ತದೋ ಇಲ್ಲವೋ ಎಂದು ಕಣ್ಣಿನಿಂದ ತಿಳಿದುಕೊಳ್ಳುತ್ತಿದ್ದರು. ತಲೆಯ ಕೆಲಸದ ಒಂದು ಪಾಲನ್ನು ಬೆರಳು ಹೊರುತ್ತಿತ್ತು. ಒತ್ತಿದ ಕೂಡಲೇ ಉತ್ತರ ಸಿಗುವುದರಿಂದ ಯೋಚನೆಗೂ ಕ್ರಿಯೆಗೂ ನಡುವೆ ಅಂತರವೇ ಉಳಿಯುವುದಿಲ್ಲ. ಆಡುವಾಗ ಸುತ್ತಲಿನ ಸದ್ದು ಕಿವಿಗೆ ಬೀಳದಷ್ಟು ಮಗ್ನರಾಗುವುದಕ್ಕೆ ಇದು ಮುಖ್ಯ ಕಾರಣ.

ಮುದ್ದು ಮುಖದ ಕೆಲಸ

ಜಪಾನಿನ ಪುಯೊ ಪುಯೊ (1991) ಆಟದಲ್ಲಿ ಬೀಳುವುದು ಬರಿಯ ಇಟ್ಟಿಗೆಗಳಲ್ಲ, ಕಣ್ಣುಳ್ಳ ದುಂಡನೆಯ ಬಣ್ಣದ ಮುದ್ದೆಗಳು. ದೊಡ್ಡ ಕಣ್ಣು, ದುಂಡು ಮುಖ, ಪುಟ್ಟ ಮೈ ಕಂಡರೆ ಮನುಷ್ಯರಲ್ಲಿ ಮಗುವನ್ನು ಕಂಡಂಥ ಅಕ್ಕರೆ ಮೂಡುತ್ತದೆಂದು ವರ್ತನಾ ವಿಜ್ಞಾನಿ ಕೊನ್ರಾಡ್ ಲೊರೆಂಜ್ 1943ರಲ್ಲಿ ವಿವರಿಸಿದ್ದರು. ಚನ್ನಪಟ್ಟಣದ ಬೊಂಬೆಯ ದುಂಡು ತಲೆ ಮನ ಸೆಳೆಯುವುದೂ ಈ ಕಾರಣಕ್ಕೇ. ಹಿರೋಶಿಮಾ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಇನ್ನೊಂದು ಸಂಗತಿ ತೋರಿಸಿದರು: ಪ್ರಾಣಿಗಳ ಮರಿಗಳ ಚಿತ್ರ ನೋಡಿದವರು ಅದರ ನಂತರ ಗಮನ ಬೇಡುವ ಸೂಕ್ಷ್ಮ ಕೆಲಸವನ್ನು ಹೆಚ್ಚು ಎಚ್ಚರದಿಂದ ಮಾಡಿದರು. ಅಂದರೆ ಮುದ್ದು ರೂಪ ಆಟದ ಅಲಂಕಾರವಷ್ಟೇ ಅಲ್ಲ, ಆಟಗಾರರ ಗಮನವನ್ನೂ ಹರಿತಗೊಳಿಸಬಲ್ಲದು.

ಕಣ್ಣು ಮುಚ್ಚಿದರೂ ನಿಲ್ಲದು

ರಾಬರ್ಟ್ ಸ್ಟಿಕ್‌ಗೋಲ್ಡ್ ಮತ್ತು ಸಂಗಡಿಗರು 2000ದಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ದಿನ ಟೆಟ್ರಿಸ್ ಆಡಿದವರಲ್ಲಿ ಬಹಳ ಮಂದಿಗೆ ನಿದ್ದೆ ಹತ್ತುವ ಹೊತ್ತಿಗೆ ಬೀಳುವ ತುಂಡುಗಳು ಕಂಡವು. ಹೊಸ ನೆನಪು ಉಳಿಯದ ಐವರು ರೋಗಿಗಳಲ್ಲಿ ಮೂವರಿಗೂ ಅವು ಕಂಡವು. ತಾವು ಆಡಿದ್ದೇ ಅವರಿಗೆ ನೆನಪಿರಲಿಲ್ಲ. ನಮ್ಮ ಅರಿವಿಗೆ ಬಾರದ ಪದರದಲ್ಲೂ ಆಟ ಮುಂದುವರಿಯುತ್ತದೆ.

ಗೆಲುವಿಲ್ಲದ ಆಟ

ಟೆಟ್ರಿಸ್‌ನ ಏಳು ತುಂಡುಗಳಲ್ಲಿ ಒಟ್ಟು 28 ಚೌಕಗಳಿವೆ. ಆದರೂ ಒಂದೊಂದನ್ನೂ ಒಮ್ಮೆ ಬಳಸಿ ಆಯತ ಕಟ್ಟಲು ಸಾಧ್ಯವೇ ಇಲ್ಲ. ಕಾರಣ ಚದುರಂಗದ ಹಾಸಿನಲ್ಲಿದೆ. ಆಯತಕ್ಕೆ ಕಪ್ಪು ಬಿಳುಪು ಬಣ್ಣ ಹಚ್ಚಿದರೆ ಎರಡೂ 14–14 ಮನೆಗಳಾಗುತ್ತವೆ. ಆರು ತುಂಡುಗಳು ಎರಡು ಕಪ್ಪು, ಎರಡು ಬಿಳಿ ಮನೆ ಮುಚ್ಚುತ್ತವೆ. ಟಿ ಆಕಾರದ್ದು ಮಾತ್ರ ಒಂದು ಬಣ್ಣದ ಮೂರು, ಇನ್ನೊಂದರ ಒಂದು ಮನೆ ಮುಚ್ಚಿ ಲೆಕ್ಕ ತಪ್ಪಿಸುತ್ತದೆ. ಎಸ್ ಮತ್ತು ಝೆಡ್ ಆಕಾರದ ತುಂಡುಗಳೇ ಒಂದಾದ ಮೇಲೊಂದು ಬರುತ್ತಿದ್ದರೆ ಎಂಥ ನಿಪುಣರೂ ಕೊನೆಗೆ ಸೋಲಲೇಬೇಕೆಂದು ಹೈಡಿ ಬರ್ಗೀಲ್ 1997ರಲ್ಲಿ ಗಣಿತದಿಂದ ಸಾಧಿಸಿದರು.

ಅಂಗೈ ಆಟಕ್ಕೂ ಮುಮ್ಮಡಿಯವರ ಕುದುರೆಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. 64ನೇ ಮನೆ ಮುಟ್ಟಿದರೆ ಕುದುರೆಯ ಒಗಟು ಮುಗಿಯಿತು, ಬಿಡಿಸಿದ ತೃಪ್ತಿಯೊಂದಿಗೆ ಏಳಬಹುದು. ಟೆಟ್ರಿಸ್‌ನಲ್ಲಿ ಕೂಡಿಸಿದ್ದೆಲ್ಲ ಮಾಯವಾಗುತ್ತದೆ, ಹೊಂದದ್ದಷ್ಟೇ ಕಣ್ಣೆದುರು ಉಳಿಯುತ್ತದೆ. ಪ್ರತಿ ಸುತ್ತೂ ಸೋಲಿನಲ್ಲೇ ಮುಗಿಯುವುದರಿಂದ ‘ಇನ್ನೊಂದೇ ಸಲ’ ಎನ್ನುವ ಆಸೆ ಅದರ ರಚನೆಯೊಳಗೇ ಇದೆ. ಇದನ್ನು ಆಡುವವರ ದೌರ್ಬಲ್ಯವೆಂದು ಹಳಿಯುವುದು ತಪ್ಪು.

ಕೊನೆಯನ್ನು ನಾವೇ ಇಡುವುದು

ಆಟ ತಾನಾಗಿ ನಿಲ್ಲದಿದ್ದರೆ ಕೊನೆಯನ್ನು ಆಡುವವರೇ ಇಡಬೇಕು. ಕೂರುವ ಮೊದಲೇ ಎಷ್ಟು ಸುತ್ತು ಎಂದು ನಿರ್ಧರಿಸಿಕೊಳ್ಳುವುದು, ಮಕ್ಕಳ ಕೈಯಿಂದ ನಡುವೆ ಕಸಿಯದೆ ಸುತ್ತು ಮುಗಿದಾಗ ಎಬ್ಬಿಸುವುದು, ಮಲಗುವ ಹೊತ್ತಿಗೆ ಆಡದಿರುವುದು ಸರಳ ದಾರಿಗಳು. ಅಳಗುಳಿಮನೆ, ಚೌಕಾಬಾರದಂಥ ಕೊನೆಯುಳ್ಳ ಆಟಗಳನ್ನು ಮನೆಗೆ ಮರಳಿ ತರುವುದೂ ಒಳ್ಳೆಯದು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಇಂಥ ಆಟಗಳಿಗೆ ಹೊಸ ಜೀವ ಕೊಟ್ಟಿದೆ.

ಆಡುವ ಹೆಚ್ಚಿನವರಿಗೆ ಇದು ನಿರಪಾಯದ ಸಂತೋಷ. ಆದರೆ ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು ಸಾಮಾನ್ಯವಾಗಿ 12 ತಿಂಗಳು ಮುಂದುವರಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಯೆಂದು ಪರಿಗಣಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿ 2014ರಿಂದ ‘ಶಟ್’ ಕ್ಲಿನಿಕ್ ಇದೆ, ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹೀಗೆ ಹಿಡಿತ ತಪ್ಪಿದ ಮಗುವಿಗೆ ಬೈಗುಳಕ್ಕಿಂತ ಬೇಗ ಸಿಗಬೇಕಾದದ್ದು ನೆರವು.